ಕಿರುಪತ್ರಿಕೆ ನಡೆಸೋಕೆ ಎಷ್ಟು ಖರ್ಚು? ನಮ್ಮದು ಮೂರೇ ಸಂಚಿಕೆಗೆ ನಿಂತಿದ್ದು ಯಾಕೆ? ಇಲ್ಲಿದೆ ಪೂರ್ತಿ ಲೆಕ್ಕ

ಸಾಗರ: ಹೋದ ವಾರ ಬಸ್ ಸ್ಟ್ಯಾಂಡ್ ಹತ್ತಿರ ರಿಟೈರ್ಡ್ ಮೇಷ್ಟ್ರೊಬ್ಬರು ಸಿಕ್ಕಿದರು. "ಏನ್ ತಮ್ಮಾ, ನಿಮ್ಮ ಪುಸ್ತಕದ ನಾಲ್ಕನೇದು ನಂಗೆ ಬರ್ಲೇ ಇಲ್ಲ. ಪೋಸ್ಟಲ್ಲಿ ಕಳೆದು ಹೋಯ್ತೇನೋ ನೋಡು" ಅಂದರು. ಪೋಸ್ಟಲ್ಲಿ ಏನೂ ಕಳೆದಿಲ್ಲ. ನಾಲ್ಕನೇ ಸಂಚಿಕೆ ಬಂದೇ ಇಲ್ಲ. ಅವರು ಕೊಟ್ಟ 100 ರೂಪಾಯಿಯಲ್ಲಿ 25 ರೂಪಾಯಿ ಇನ್ನೂ ನಮ್ಮ ಮೇಲೆ ಸಾಲ ಇದೆ. ಅವರೊಬ್ಬರದ್ದೇ ಅಲ್ಲ, ಒಟ್ಟು 62 ಜನರದ್ದು.

ನಾವು ನಾಲ್ಕು ಜನ ಗೆಳೆಯರು ಸೇರಿ ಕಥೆ, ಕವನ, ಚಿತ್ರ, ಮಾತುಕತೆ ಇರುವ ಒಂದು ಸಣ್ಣ ತ್ರೈಮಾಸಿಕ ಶುರು ಮಾಡಿದ್ವಿ. ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟವನು ನಾನು, ಉಳಿದ ಮೂವರು ಓದ್ತಾ ಇದ್ದರು. ಪತ್ರಿಕೆ ಹೆಸರು ಇಲ್ಲಿ ಹಾಕಿದರೆ ಜಾಹೀರಾತು ಆಗುತ್ತೆ, ಅದು ಬೇಡ. ಆದರೆ ತಾಲೂಕಿನಲ್ಲಿ ಇಂಥದ್ದೊಂದು ಮಾಡಬೇಕು ಅಂತ ಆಸೆ ಇರುವ ಹುಡುಗರು ಇದ್ದಾರೆ. ಅವರು ಬಂದು ಕೇಳಿದಾಗ ಏನು ಹೇಳಬೇಕು ಅಂತ ಗೊತ್ತಾಗದ ಅಂಗಡಿಯವರೂ ಇದ್ದಾರೆ. ಇಬ್ಬರಿಗೂ ಉಪಯೋಗ ಆಗಲಿ ಅಂತ ಈ ಲೇಖನ.

ಕಿರುಪತ್ರಿಕೆ ಅಂದ್ರೆ ಏನು?

ದೊಡ್ಡ ಸಂಸ್ಥೆ, ಸಂಬಳದ ಸಿಬ್ಬಂದಿ, ಏಜೆಂಟರು ಯಾರೂ ಇಲ್ಲದೆ, ಒಬ್ಬರೋ ನಾಲ್ಕೈದು ಜನರೋ ತಮ್ಮ ಕೈಯಿಂದ ದುಡ್ಡು ಹಾಕಿ ತರುವ ಸಾಹಿತ್ಯ, ಕಲೆಯ ಪತ್ರಿಕೆ. ಈಗಿನ ಕಾಲೇಜು ಹುಡುಗರು ಇದನ್ನು 'ಝೀನ್' ಅಂತಾರೆ. ಹೆಸರು ಹೊಸದು, ಕೆಲಸ ಹಳೇದೇ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಬಂತು. ಹರ್ಮನ್ ಮೋಗ್ಲಿಂಗ್ ಸಂಪಾದಕರು. ಕಲ್ಲಚ್ಚಿನಲ್ಲಿ ಮುದ್ರಿಸಿ 15 ದಿನಕ್ಕೊಮ್ಮೆ ತರುತ್ತಿದ್ದರು. ಆಮೇಲೆ ನವ್ಯದ ಕಾಲದಲ್ಲಿ ಗೋಪಾಲಕೃಷ್ಣ ಅಡಿಗರ 'ಸಾಕ್ಷಿ', ಧಾರವಾಡದಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರು ಸೇರಿ ಶುರು ಮಾಡಿದ 'ಸಂಕ್ರಮಣ', ಯು.ಆರ್. ಅನಂತಮೂರ್ತಿಯವರ 'ಋಜುವಾತು', 2005ರಲ್ಲಿ ವಿವೇಕ ಶಾನಭಾಗರು ಶುರು ಮಾಡಿದ 'ದೇಶ ಕಾಲ' ಎಲ್ಲಾ ಈ ಸಾಲಿನವೇ. ಕನ್ನಡ ಸಾಹಿತ್ಯದ ದೊಡ್ಡ ಚರ್ಚೆಗಳು ಇಂಥ ಕಡಿಮೆ ಪ್ರತಿಯ ಪತ್ರಿಕೆಗಳಲ್ಲೇ ನಡೆದಿವೆ.

ನಮ್ಮೂರಿಗೂ ಇದರ ನಂಟಿದೆ. 'ಸಾಕ್ಷಿ' ಸಂಪಾದಕರಾದ ಅಡಿಗರು 1960ರ ದಶಕದಲ್ಲಿ ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ಇಲ್ಲೇ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಅಕ್ಷರ ಪ್ರಕಾಶನ ಕಟ್ಟಿದರು, ನೀನಾಸಂನಿಂದ 'ಮಾತುಕತೆ' ಅನ್ನೋ ಪತ್ರಿಕೆ ಬಂತು. ಹಾಗಾಗಿ "ಇದೆಲ್ಲಾ ಬೆಂಗಳೂರಿನವರ ಕೆಲಸ" ಅಂತ ಸಾಗರದಲ್ಲಿ ಯಾರೂ ಹೇಳೋ ಹಾಗಿಲ್ಲ.

ವಾಟ್ಸಾಪಲ್ಲಿ ಹಾಕಿದ್ರೆ ಆಗಲ್ವಾ?

ಬಿ.ಎಚ್. ರಸ್ತೆಯ ಹತ್ತು ಅಂಗಡಿ ಹತ್ತಿದ್ರೆ ಎಂಟು ಕಡೆ ಕೇಳೋ ಪ್ರಶ್ನೆ ಇದು. ಹಾಕಬಹುದು. ದುಡ್ಡೂ ಬೇಡ. ಆದರೆ ಒಂದು ಉದಾಹರಣೆ ಹೇಳ್ತೀನಿ. ಮೊದಲ ಸಂಚಿಕೆಗೆ ವಯಸ್ಸಾದ ಗುಡಿಗಾರರೊಬ್ಬರ ಜೊತೆ ಮಾತಾಡಿ, ಅವರ ಉಳಿ, ಗಂಧದ ಕೆತ್ತನೆಯ ಚಿತ್ರ ಬಿಡಿಸಿ ಹಾಕಿದ್ವಿ. ಅವರ ಮನೆಯಲ್ಲಿ ಆ ಪ್ರತಿ ಇವತ್ತಿಗೂ ದೇವರ ಫೋಟೋ ಪಕ್ಕದ ಗೂಡಿನಲ್ಲಿದೆ. ಬಂದ ನೆಂಟರಿಗೆಲ್ಲಾ ತೆಗೆದು ತೋರಿಸ್ತಾರೆ. ಅದೇ ಮಾತುಕತೆಯನ್ನು ನಾನು ಸ್ಟೇಟಸ್‌ಗೂ ಹಾಕಿದ್ದೆ. 24 ಗಂಟೆಗೆ ಹೋಯ್ತು.

ಪುಟದ ಲೆಕ್ಕ: ನಾಲ್ಕರ ಮಗ್ಗಿ

ಹೊಸಬರು ಮೊದಲು ಎಡವೋದು ಇಲ್ಲೇ. ಒಂದು ಎ4 ಹಾಳೆಯನ್ನು ಮಧ್ಯಕ್ಕೆ ಮಡಚಿದರೆ ನಾಲ್ಕು ಸಣ್ಣ ಪುಟ ಆಗುತ್ತೆ. ಆದ್ದರಿಂದ ಒಟ್ಟು ಪುಟ ಯಾವಾಗಲೂ 16, 20, 24, 28, 32 ಹೀಗೆ ನಾಲ್ಕರ ಮಗ್ಗಿಯಲ್ಲೇ ಇರಬೇಕು. 30 ಪುಟಕ್ಕೆ ಮ್ಯಾಟರ್ ಇದ್ದರೆ ಎರಡು ಪುಟ ಖಾಲಿ ಬಿಡಬೇಕು, ಇಲ್ಲಾ ಎರಡು ಪುಟದ್ದು ತೆಗೀಬೇಕು.

ನಮ್ಮದು ಒಳಗೆ 32 ಪುಟ. ಅಂದ್ರೆ 8 ಹಾಳೆ, ಮೇಲೆ ಒಂದು ದಪ್ಪ ಬಣ್ಣದ ಹಾಳೆ ಕವರ್‌ಗೆ. ಮುದ್ರಿಸುವಾಗ 1ನೇ ಪುಟದ ಪಕ್ಕ 2 ಬರಲ್ಲ, 32 ಬರುತ್ತೆ. ಅದರ ಹಿಂಬದಿಗೆ 2 ಮತ್ತು 31. ಅಕ್ಕಪಕ್ಕದ ಎರಡು ಪುಟದ ಸಂಖ್ಯೆ ಕೂಡಿದರೆ ಯಾವಾಗಲೂ 33 ಬರಬೇಕು, ಅಂದ್ರೆ ಒಟ್ಟು ಪುಟಕ್ಕಿಂತ ಒಂದು ಜಾಸ್ತಿ. ಪುಸ್ತಕದ ನಡುಮಧ್ಯದ ಹಾಳೆಯಲ್ಲಿ 16 ಮತ್ತು 17 ಇರುತ್ತೆ. ಈ ಒಂದು ಸೂತ್ರ ಗೊತ್ತಿದ್ರೆ ಕೈಯಲ್ಲೇ ಜೋಡಿಸಬಹುದು. ಪಿಡಿಎಫ್ ಇದ್ದರೆ ಅಡೋಬ್ ರೀಡರ್‌ನಲ್ಲಿ ಪ್ರಿಂಟ್ ಕೊಡುವಾಗ 'ಬುಕ್‌ಲೆಟ್' ಅಂತ ಒಂದು ಆಯ್ಕೆ ಇದೆ, ಅದೇ ಜೋಡಿಸಿ ಕೊಡುತ್ತೆ.

ಎರಡೂ ಬದಿ ಪ್ರಿಂಟ್ ತೆಗೆಯುವಾಗ ಹಾಳೆ ಗಿಡ್ಡ ಅಂಚಿನ ಕಡೆಯಿಂದ ತಿರುಗಬೇಕು. ಉದ್ದ ಅಂಚಿನಿಂದ ತಿರುಗಿದ್ರೆ ಹಿಂದಿನ ಪುಟ ತಲೆಕೆಳಗಾಗುತ್ತೆ. ಮೊದಲ ಸಂಚಿಕೆಯಲ್ಲಿ ನಾವು ಇದನ್ನೇ ಮಾಡಿದ್ವಿ. 40 ಪ್ರತಿ ಓಡಿದ ಮೇಲೆ ಝೆರಾಕ್ಸ್ ಅಂಗಡಿಯ ಅಣ್ಣನೇ ನೋಡಿ ಮಷಿನ್ ನಿಲ್ಲಿಸಿದ್ದು. ಹಾಳಾದ ಹಾಳೆ ದುಡ್ಡು ಅವರು ತಗೊಳ್ಳಲಿಲ್ಲ. ನೀವು ಮಾತ್ರ ಮೊದಲು ಒಂದೇ ಒಂದು ಪ್ರತಿ ತೆಗೆದು, ಮಡಚಿ, ಪೂರ್ತಿ ಪುಟ ತಿರುವಿ ನೋಡಿ ಆಮೇಲೆ ಉಳಿದದ್ದಕ್ಕೆ ಹೇಳಿ.

ಪಿನ್ ಹೊಡೆಯೋಕೆ ಮಾಮೂಲಿ ಸ್ಟೇಪ್ಲರ್ ಮಡಿಕೆವರೆಗೆ ಮುಟ್ಟಲ್ಲ. ಉದ್ದ ಕೈಯದ್ದು ಬೇಕು. ಅದಿಲ್ಲದಿದ್ರೆ ದಬ್ಬಣದಲ್ಲಿ ಮೂರು ತೂತು ಮಾಡಿ ದಾರದಲ್ಲಿ ಹೊಲಿಯಬಹುದು. ನೋಡೋಕೂ ಚಂದ, ತುಕ್ಕೂ ಹಿಡಿಯಲ್ಲ. ಮಲೆನಾಡಿನ ಮಳೆಗಾಲಕ್ಕೆ ಪಿನ್ ಬೇಗ ತುಕ್ಕು ಹಿಡಿಯುತ್ತೆ ಅನ್ನೋದು ನೆನಪಿರಲಿ.

ಝೆರಾಕ್ಸಾ, ಆಫ್‌ಸೆಟ್ಟಾ?

ಆಫ್‌ಸೆಟ್‌ನಲ್ಲಿ ಮೊದಲು ಪ್ಲೇಟ್ ಮಾಡಿಸಬೇಕು. ಆ ಖರ್ಚು 100 ಪ್ರತಿಗೂ ಅಷ್ಟೇ, 1,000 ಪ್ರತಿಗೂ ಅಷ್ಟೇ. ಪ್ರತಿ ಜಾಸ್ತಿ ಆದಷ್ಟೂ ಒಂದಕ್ಕೆ ಬೀಳೋ ರೇಟು ಇಳಿಯುತ್ತೆ. ಝೆರಾಕ್ಸಲ್ಲಿ ಹಾಗಲ್ಲ, ಎಷ್ಟು ಹಾಳೆಯೋ ಅಷ್ಟು ದುಡ್ಡು. ನೂರಿನ್ನೂರು ಪ್ರತಿಗೆ ಝೆರಾಕ್ಸೇ ಸರಿ. ಇಲ್ಲಿ ಒಂದು ಬಲೆ ಇದೆ: "500 ಹೊಡೆಸಿದ್ರೆ ಒಂದಕ್ಕೆ ಕಡಿಮೆ ಬೀಳುತ್ತೆ" ಅಂತ ಯಾರಾದ್ರೂ ಹೇಳ್ತಾರೆ. ಬೀಳೋದು ನಿಜ. ಆದರೆ ಮಾರಾಟ ಆಗದ 400 ಪ್ರತಿ ಮಂಚದ ಕೆಳಗೆ ಕೂತ್ರೆ ಅದು ಕಡಿಮೆ ರೇಟಲ್ಲ.

ಫಾಂಟ್ ತಲೆನೋವು ಬೇರೆ. ಬರೆಯುವವರು ಮೊಬೈಲಲ್ಲಿ ಯೂನಿಕೋಡ್‌ನಲ್ಲಿ ಕಳಿಸ್ತಾರೆ. ಎಷ್ಟೋ ಡಿಟಿಪಿ ಸೆಂಟರ್‌ಗಳಲ್ಲಿ ಇನ್ನೂ ಹಳೆ ನುಡಿ ಅಥವಾ ಬರಹ ಫಾಂಟಲ್ಲೇ ಪೇಜ್‌ಮೇಕರ್ ಕೆಲಸ. ಒಂದರಿಂದ ಇನ್ನೊಂದಕ್ಕೆ ಕನ್ವರ್ಟ್ ಮಾಡುವಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತೆ. ಕನ್ವರ್ಟ್ ಆದ ಮೇಲೆ ಇಬ್ಬರು ಕೂತು, ಒಬ್ಬರು ಜೋರಾಗಿ ಓದಿ ಇನ್ನೊಬ್ಬರು ಮೂಲ ನೋಡಬೇಕು. ಲಿಬ್ರೆ ಆಫೀಸ್, ಸ್ಕ್ರೈಬಸ್ ಅನ್ನೋ ಸಾಫ್ಟ್‌ವೇರ್‌ಗಳು ಪುಕ್ಕಟೆ ಸಿಗುತ್ತವೆ, ಯೂನಿಕೋಡಲ್ಲೇ ಪುಟ ಕಟ್ಟಬಹುದು.

ನಮ್ಮ ಲೆಕ್ಕ, ಇದ್ದ ಹಾಗೆ

ಮೂರೂ ಸಂಚಿಕೆಗೆ ಹೆಚ್ಚೂಕಡಿಮೆ ಇದೇ ಲೆಕ್ಕ. ಆಗಿನ ರೇಟು ಇದು, ಈಗ ನೀವು ಕೇಳಿದಾಗ ಬೇರೆ ಇರಬಹುದು.

ಖರ್ಚು (ಒಂದು ಸಂಚಿಕೆಗೆ):
- ಒಳಗಿನ 8 ಹಾಳೆ, ಎರಡೂ ಬದಿ, ಹಾಳೆಗೆ 1.50ರಂತೆ: 12 ರೂ.
- ಕವರ್: 3 ರೂ.
- ಒಂದು ಪ್ರತಿಗೆ 15 ರೂ., 150 ಪ್ರತಿಗೆ: 2,250 ರೂ.
- ಅಂಚೆ, 40 ಪ್ರತಿಗೆ, ಲಕೋಟೆ ಸೇರಿ 17 ರೂ.ನಂತೆ: 680 ರೂ.
- ಒಟ್ಟು: 2,930 ರೂ.

ಆದಾಯ (ಒಂದು ಸಂಚಿಕೆಗೆ):
- 62 ಚಂದಾದಾರರು, ವರ್ಷಕ್ಕೆ 100 ರೂ., ನಾಲ್ಕು ಸಂಚಿಕೆಗೆ ಹಂಚಿದರೆ 25 ರೂ.ನಂತೆ: 1,550 ರೂ.
- ಅಂಗಡಿಗಳಲ್ಲಿ ಮಾರಾಟ ಆದ 22 ಪ್ರತಿ, ಅಂಗಡಿಯವರಿಗೆ 5 ರೂ. ಬಿಟ್ಟು 20 ರೂ.ನಂತೆ: 440 ರೂ.
- ಒಟ್ಟು: 1,990 ರೂ.

ಪ್ರತಿ ಸಂಚಿಕೆಗೆ 940 ರೂ. ಕಮ್ಮಿ. ಮೂರು ಸಂಚಿಕೆಗೆ 2,820. ಇದರಲ್ಲಿ 1,270 ನಾವು ಜೇಬಿಂದ ಹಾಕಿದ್ವಿ. ಉಳಿದ 1,550 ಎಲ್ಲಿಂದ ಬಂತು? ನಾಲ್ಕನೇ ಸಂಚಿಕೆಗೆ ಅಂತ ಜನ ಮುಂಚೆಯೇ ಕೊಟ್ಟಿದ್ದ ಚಂದಾ ಹಣ. ಅದನ್ನ ಮೂರನೇ ಸಂಚಿಕೆಗೇ ತಿಂದು ಹಾಕಿದ್ವಿ. ಆಗ ಗೊತ್ತೇ ಆಗಲಿಲ್ಲ, ಯಾಕಂದ್ರೆ ಲೆಕ್ಕದ ಪುಸ್ತಕ ಇರಲಿಲ್ಲ. ಗೂಗಲ್ ಪೇನಲ್ಲಿ ದುಡ್ಡು ಬರ್ತಿತ್ತು, ಅದರಲ್ಲೇ ಟೀ, ಪೆಟ್ರೋಲ್ ಕೂಡ ಹೋಗ್ತಿತ್ತು.

ಇನ್ನು 150 ಪ್ರತಿ ಎಲ್ಲಿ ಹೋಯ್ತು ನೋಡಿ: ಚಂದಾದಾರರಿಗೆ 62, ಅಂಗಡಿಗಳಿಗೆ 40, ಬರೆದವರಿಗೆ ಗೌರವ ಪ್ರತಿ 18. ಇನ್ನೂ 30 ಯಾರಿಗೂ ಬೇಡದೇ ಉಳೀತು. ಅಂಗಡಿಯಿಂದ 18 ವಾಪಸ್ ಬಂತು. ಪ್ರತಿ ಸಲ 48 ಪ್ರತಿ ಸುಮ್ನೆ. "150 ಅಂದ್ರೆ ಹೇಳ್ಕೊಳ್ಳೋಕೆ ಚಂದ" ಅಂತ ಹೊಡೆಸಿದ್ದು, ಬೇರೆ ಕಾರಣ ಇಲ್ಲ.

ಇದೇ ಪತ್ರಿಕೆ 105 ಪ್ರತಿ ಹೊಡೆಸಿದ್ರೆ (ಚಂದಾದಾರರು 62, ಅಂಗಡಿ 25, ಲೇಖಕರು 18) ಮುದ್ರಣ 1,575, ಅಂಚೆ 680, ಒಟ್ಟು 2,255. ಕಮ್ಮಿ ಬೀಳೋದು ಬರೀ 265. ಹಿಂದಿನ ಕವರ್‌ಗೆ 300 ರೂಪಾಯಿಯ ಒಂದೇ ಒಂದು ಜಾಹೀರಾತು ಸಿಕ್ಕಿದ್ರೆ 35 ರೂಪಾಯಿ ಉಳಿತಿತ್ತು. ಅಂದ್ರೆ ನಮ್ಮ ಪತ್ರಿಕೆ ನಿಂತಿದ್ದು ಓದುವವರು ಇಲ್ಲ ಅಂತ ಅಲ್ಲ, ಬರೆಯುವವರು ಇಲ್ಲ ಅಂತಲೂ ಅಲ್ಲ. ಕೂಡಿ ಕಳೆಯೋದು ಮಾಡದೇ ಇದ್ದಿದ್ದಕ್ಕೆ.

ಅಂಚೆ: ಗ್ರಾಂ ಗ್ರಾಂ ಲೆಕ್ಕ

70 ಜಿಎಸ್‌ಎಂನ ಒಂದು ಎ4 ಹಾಳೆ ಸುಮಾರು 4.4 ಗ್ರಾಂ ತೂಗುತ್ತೆ. 8 ಹಾಳೆ, ಕವರ್, ಲಕೋಟೆ ಸೇರಿ ನಮ್ಮದು 50 ಗ್ರಾಂ ಚಿಲ್ಲರೆ. ಸಾದಾ ಪತ್ರದ ದರ 20 ಗ್ರಾಂಗೆ 5 ರೂಪಾಯಿಯಂತೆ ಇದ್ದಿದ್ದರಿಂದ 15 ರೂಪಾಯಿ ಸ್ಟಾಂಪ್. ಇನ್ನು ಮೂರು ಹಾಳೆ ಸೇರಿಸಿದ್ರೆ 60 ಗ್ರಾಂ ದಾಟಿ 20 ರೂಪಾಯಿ ಆಗ್ತಿತ್ತು. ಹಾಗಾಗಿ ಪುಟ ಎಷ್ಟು ಅಂತ ತೀರ್ಮಾನ ಮಾಡೋ ಮೊದಲು ಒಂದು ಡಮ್ಮಿ ಮಾಡಿ ಪೋಸ್ಟ್ ಆಫೀಸಿನ ತಕ್ಕಡಿಯಲ್ಲಿ ಇಟ್ಟು ನೋಡಿ.

ಪುಸ್ತಕ ಕಳಿಸುವವರು ನೆಚ್ಚಿಕೊಂಡಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಿತು. 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಬಂದಿದೆ. ಶುರುವಾದಾಗಿನ ದರ 300 ಗ್ರಾಂವರೆಗೆ 20 ರೂ., 5 ಕೆ.ಜಿ.ಗೆ 100 ರೂ., ತೆರಿಗೆ ಬೇರೆ. ಆದರೆ ನಿಯತಕಾಲಿಕಗಳನ್ನು ಅದರಲ್ಲಿ ತಗೊಳ್ಳಲ್ಲ. ಪುಸ್ತಕಕ್ಕೆ ಮಾತ್ರ, ಅದರಲ್ಲೂ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ಸಣ್ಣ ಪತ್ರಿಕೆಗೆ ಇದರಿಂದ ಉಪಕಾರ ಇಲ್ಲ. ತಾಲೂಕಿನೊಳಗೆ ಆದಷ್ಟೂ ಕೈಯಲ್ಲೇ ಮುಟ್ಟಿಸೋದು ಒಳ್ಳೇದು. ನಮ್ಮ 62ರಲ್ಲಿ 22 ಜನಕ್ಕೆ ಬೈಕಲ್ಲೇ ಹೋಗಿ ಕೊಡ್ತಿದ್ವಿ. ಅವರೇ ಹೊಸ ಚಂದಾದಾರರನ್ನೂ ಕೊಡಿಸಿದ್ದು.

ಯಾವ ಅಂಗಡಿಯಲ್ಲಿ ಎಷ್ಟು ಹೋಯ್ತು?

ನಾಲ್ಕು ಅಂಗಡಿಯಲ್ಲಿ ಹತ್ತತ್ತು ಪ್ರತಿ ಇಟ್ಟಿದ್ವಿ. ಪುಸ್ತಕ, ಸ್ಟೇಷನರಿ ಅಂಗಡಿಯಲ್ಲಿ ಜಾಸ್ತಿ ಹೋಗುತ್ತೆ ಅಂದುಕೊಂಡಿದ್ವಿ. ಅಲ್ಲಿ ಹೋಗಿದ್ದು 4. ಬೇಕರಿಯಲ್ಲಿ 3, ಅದೂ ಎಣ್ಣೆ ಕಲೆ ಆಗಿ ಎರಡು ವಾಪಸ್. ಮೆಡಿಕಲ್‌ನಲ್ಲಿ 6. ಕಟಿಂಗ್ ಶಾಪಲ್ಲಿ 9! ಕಾರಣ ಸುಲಭ. ಕಟಿಂಗ್ ಶಾಪಲ್ಲಿ ಜನ ಸರದಿಗೆ ಕಾಯ್ತಾ ಕೂತಿರ್ತಾರೆ. ಅರ್ಧ ಕಥೆ ಓದುವಷ್ಟರಲ್ಲಿ ಕರೀತಾರೆ, ಉಳಿದರ್ಧಕ್ಕೆ 25 ರೂಪಾಯಿ ಕೊಟ್ಟು ತಗೊಂಡು ಹೋಗ್ತಾರೆ. ಒಬ್ಬರು ಮಾತ್ರ "ಇದ್ರಲ್ಲಿ ರಾಶಿ ಭವಿಷ್ಯ ಇಲ್ವಾ ಮಾರಾಯ?" ಅಂತ ಕೇಳಿ ವಾಪಸ್ ಇಟ್ಟರಂತೆ.

ಅಂಗಡಿಯವರಿಗೆ ಎರಡು ಮಾತು. ಒಂದು, ಇಟ್ಟ ದಿನವೇ ಎಷ್ಟು ಪ್ರತಿ ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ತಿಂಗಳಿಗೊಮ್ಮೆ ಬಂದು ಲೆಕ್ಕ ಮಾಡೋಕೆ ಹುಡುಗರಿಗೆ ಹೇಳಿ. ನಾಚಿಕೆಗೆ ನಾವು ಕೇಳೋಕೆ ಬರಲ್ಲ, ಗಡಿಬಿಡಿಯಲ್ಲಿ ನಿಮಗೆ ನೆನಪಿರಲ್ಲ. ಎರಡು, ಜಾಹೀರಾತು ಕೇಳಿದಾಗ "ನಂಗೇನು ಲಾಭ?" ಅಂತ ಕೇಳೋದು ಸರಿಯಾದ ಪ್ರಶ್ನೆಯೇ. ನೂರು ಪ್ರತಿಯ ಪತ್ರಿಕೆಯಿಂದ ಮಾರನೇ ದಿನ ಗಿರಾಕಿ ಸಾಲು ನಿಲ್ಲಲ್ಲ. ಹಾಗೆ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಆದರೆ ಆ ನೂರು ಜನ ನಿಮ್ಮ ತಾಲೂಕಿನವರೇ, ನಿಮ್ಮ ಅಂಗಡಿಗೆ ಬರುವವರೇ.

ನಮ್ಮ ಎರಡನೇ ಸಂಚಿಕೆಗೆ ಒಬ್ಬರು 1,000 ರೂಪಾಯಿ ಜಾಹೀರಾತು ಕೊಡ್ತೀನಿ ಅಂದಿದ್ದರು. ಷರತ್ತು ಒಂದೇ, ಅವರ ಮಗನ ಕವನ ಹಾಕಬೇಕು. ಬೇಡ ಅಂದ್ವಿ. ಅದು ಸರಿಯೇ. ಆದರೆ ಬೇಡ ಅಂದ ಹೆಮ್ಮೆಯಲ್ಲಿ ಪಕ್ಕದ ಅಂಗಡಿಗೆ ಹೋಗಿ ಕೇಳಲೂ ಇಲ್ಲ. ಅದು ತಪ್ಪು.

ಕವನ ಬೇಡ ಅನ್ನೋದು ಹೇಗೆ?

ಸಣ್ಣ ಊರಲ್ಲಿ ಇದೇ ಕಷ್ಟದ ಕೆಲಸ. ಕವನ ಕೊಟ್ಟವರು ನಿಮಗೆ ಪಾಠ ಮಾಡಿದ ಮೇಷ್ಟ್ರಾಗಿರ್ತಾರೆ, ಅಮ್ಮನ ಗೆಳತಿಯಾಗಿರ್ತಾರೆ. ನಾವು ಕಂಡುಕೊಂಡ ದಾರಿ: ಹೆಸರು ಮುಚ್ಚಿ ಇಬ್ಬರು ಓದೋದು, ಇಬ್ಬರೂ ಹೂಂ ಅಂದ್ರೆ ಮಾತ್ರ ಹಾಕೋದು. ಹಾಕದಿದ್ರೆ 15 ದಿನದೊಳಗೆ ಫೋನ್ ಮಾಡಿ ಹೇಳೋದು. ತಿಂಗಳುಗಟ್ಟಲೆ ಸುಮ್ಮನಿದ್ರೆ ಮಾತ್ರ ಸಿಟ್ಟು ಬರುತ್ತೆ, ನೇರವಾಗಿ ಹೇಳಿದವರ ಮೇಲೆ ಯಾರೂ ಮುನಿಸಿಕೊಳ್ಳಲಿಲ್ಲ.

ಹಳೆಯ ದೊಡ್ಡ ಕವಿಗಳ ಪದ್ಯ ಹಾಕಿ ಪುಟ ತುಂಬಿಸೋಣ ಅಂತ ಅನಿಸಬಹುದು. ಹುಷಾರು. ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ. ಬೇಂದ್ರೆಯವರು ತೀರಿಕೊಂಡಿದ್ದು 1981ರಲ್ಲಿ, ಅವರ ಪದ್ಯಕ್ಕೆ 2041ರ ಕೊನೆವರೆಗೆ ಅನುಮತಿ ಬೇಕು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರದ್ದು ಹಾಕಬಹುದು. ಗೂಗಲ್‌ನಿಂದ ತೆಗೆದ ಚಿತ್ರಕ್ಕೂ ಇದೇ ಮಾತು. ಊರಲ್ಲೇ ಚಿತ್ರ ಬಿಡಿಸುವ ಹುಡುಗ ಹುಡುಗಿಯರು ಇದ್ದಾರೆ, ಅವರನ್ನ ಕೇಳಿ.

ನೋಂದಣಿ ಬೇಕಾ?

1867ರ ಹಳೆ ಕಾಯ್ದೆ ಹೋಗಿ, 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಅಭಿಪ್ರಾಯ ಇರುವ, ಗೊತ್ತಾದ ಅವಧಿಗೆ ಮುದ್ರಣವಾಗಿ ಬರುವ ಪತ್ರಿಕೆಗೆ ಇದು ಅನ್ವಯಿಸುತ್ತೆ. ಪುಸ್ತಕಗಳು ಇದರಲ್ಲಿ ಬರಲ್ಲ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬೇಕು. ಹಾಗಾಗಿ ಕಥೆ ಕವನದ ಜೊತೆ ಪುರಸಭೆ ಸುದ್ದಿ, ರಾಜಕೀಯ ಟೀಕೆ ಎಲ್ಲಾ ಹಾಕಿ ತಿಂಗಳು ತಿಂಗಳು ತರುವ ಯೋಚನೆ ಇದ್ದರೆ, ಮೊದಲು ನೋಂದಣಿ ಮಾಡಿಸಿ. ಯಾವುದೇ ಆಗಲಿ, ಒಳಪುಟದಲ್ಲಿ ಪ್ರಕಟಿಸಿದವರ ಹೆಸರು, ವಿಳಾಸ, ಮುದ್ರಿಸಿದ ಜಾಗ ಹಾಕೋದು ಬಿಡಬೇಡಿ. ಹೆಸರಿಲ್ಲದ ಹಾಳೆಗೆ ಊರಲ್ಲಿ ಯಾರೂ ಬೆಲೆ ಕೊಡಲ್ಲ.

ಶುರು ಮಾಡೋರು ನೆನಪಿಡಬೇಕಾದ್ದು

- ಒಂದು ವರ್ಷ ಪೂರ್ತಿ ತಂದು ತೋರಿಸುವವರೆಗೆ ವರ್ಷದ ಚಂದಾ ತಗೋಬೇಡಿ. ಸಂಚಿಕೆ ಕೈಗೆ ಕೊಟ್ಟು ಆ ಸಂಚಿಕೆಯ ದುಡ್ಡು ಮಾತ್ರ ತಗೊಳ್ಳಿ.
- ಪತ್ರಿಕೆ ದುಡ್ಡಿಗೆ ಬೇರೆ ಖಾತೆ, ಇಲ್ಲಾಂದ್ರೆ ಕಡೇಪಕ್ಷ ಬೇರೆ ಪುಸ್ತಕ ಇಡಿ.
- ಎಷ್ಟು ಪ್ರತಿ ಬೇಕು ಅಂತ ಹೆಸರು ಬರೆದು ಎಣಿಸಿ, ಅಷ್ಟೇ ಹೊಡೆಸಿ.
- ಜಾಹೀರಾತಿನ ದುಡ್ಡು ಮುದ್ರಣಕ್ಕೆ ಕೊಡೋ ಮೊದಲು ಕೈಗೆ ಬರಲಿ. ಉದ್ರಿ ಬೇಡ.
- ಮೂರು ತಿಂಗಳಿಗೊಮ್ಮೆ ಆಗಲ್ಲ ಅನಿಸಿದ್ರೆ ವರ್ಷಕ್ಕೆ ಎರಡೇ ತನ್ನಿ, ಆದರೆ ಮೊದಲೇ ಹೇಳಿ ತನ್ನಿ.
- ನಿಲ್ಲಿಸೋದಾದ್ರೆ ನಿಲ್ಲಿಸ್ತಿದ್ದೀವಿ ಅಂತ ಹೇಳಿ ನಿಲ್ಲಿಸಿ. ನಾವು ಹೇಳಲಿಲ್ಲ. ಇಬ್ಬರು ಕೆಲಸಕ್ಕೆ ಬೆಂಗಳೂರಿಗೆ ಹೋದರು, ವಾಟ್ಸಾಪ್ ಗ್ರೂಪ್ ಸುಮ್ಮನಾಯ್ತು, ಪತ್ರಿಕೆಯೂ ಅಲ್ಲಿಗೇ ನಿಂತಿತು.

ಮೇಷ್ಟ್ರಿಗೆ ಅವತ್ತು ಬಸ್ ಸ್ಟ್ಯಾಂಡಲ್ಲಿ ನಿಜ ಹೇಳೋಕೆ ಬಾಯಿ ಬರಲಿಲ್ಲ. "ನೋಡ್ತೀನಿ ಸಾರ್" ಅಂದು ಬಂದೆ. ಮಾರನೇ ದಿನ ಅವರ ಮನೆಗೆ ಹೋಗಿ ಮೇಲಿನ ಲೆಕ್ಕ ಎಲ್ಲಾ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "25 ರೂಪಾಯಿ ವಾಪಸ್ ಬೇಡ ಕಣಯ್ಯ, ಪುಸ್ತಕ ಕೊಡು" ಅಂದರು.

ನಾಲ್ಕನೇ ಸಂಚಿಕೆಗೆ ಬೇಕಾಗಿರೋದು 2,255 ರೂಪಾಯಿ. ಊರಲ್ಲಿ ಉಳಿದಿರುವ ಇಬ್ಬರು ಅರ್ಧರ್ಧ ಹಾಕ್ತಿದ್ದೀವಿ. ದೀಪಾವಳಿ ಒಳಗೆ 105 ಪ್ರತಿ ಬರುತ್ತೆ. 62 ಜನರ ಪಟ್ಟಿ ಹಳೆ ನೋಟ್‌ಬುಕ್ಕಲ್ಲಿದೆ, ಅಂಚೆಯವರಿಗೆ ಅಂಚೆ, ಊರಿನವರಿಗೆ ಕೈಯಲ್ಲೇ. ಸಂಚಿಕೆ ಬೇಡ, ದುಡ್ಡೇ ಸಾಕು ಅನ್ನುವವರು ಹೇಳಿದರೆ 25 ರೂಪಾಯಿ ವಾಪಸ್ ಕೊಡ್ತೀವಿ. ಹಿಂದಿನ ಕವರ್ ಇನ್ನೂ ಖಾಲಿ ಇದೆ, 300 ರೂಪಾಯಿ. ಈ ಸಲ ಪಕ್ಕದ ಅಂಗಡಿಗೂ ಬಂದು ಕೇಳ್ತೀವಿ.